7 ವರ್ಷಕ್ಕೇ ಮಗಳು ದೊಡ್ಡವಳಾದ್ರೆ ಥೈರಾಯ್ಡ್ ಟೆಸ್ಟ್ ಯಾಕೆ?

"ಮಗಳಿಗಿನ್ನೂ 7 ವರ್ಷ, ಆಗ್ಲೇ ಮುಟ್ಟಾಗಿದಾಳೆ, ಡಾಕ್ಟ್ರು ನೋಡಿದ್ರೆ ಥೈರಾಯ್ಡ್ ಟೆಸ್ಟ್ ಮಾಡ್ಸಿ ಅಂತಾರೆ, ಇದಕ್ಕೂ ಅದಕ್ಕೂ ಏನ್ರೀ ಸಂಬಂಧ?"

ಸಂಬಂಧ ಇದೆ, ಅಪರೂಪ ಅಷ್ಟೇ. ಹೆಣ್ಮಕ್ಕಳಿಗೆ 8 ವರ್ಷಕ್ಕೆ ಮೊದ್ಲು, ಗಂಡ್ಮಕ್ಕಳಿಗೆ 9ಕ್ಕೆ ಮೊದ್ಲು ಮೈ ಬದಲಾಗೋಕೆ ಶುರುವಾದ್ರೆ ಅದು ಬೇಗ ಅಂತ ಲೆಕ್ಕ. ಮಾಮೂಲಾಗಿ ಹೀಗೆ ಬೇಗ ಮೈನೆರೆಯೋ ಮಕ್ಕಳು ಸರಸರ ಅಂತ ಎತ್ತರ ಆಗ್ತಾರೆ, ಕೈ ಎಕ್ಸ್‌ರೇ ತೆಗೆದ್ರೆ ಮೂಳೆ ವಯಸ್ಸೂ (ಮೂಳೆ ಎಷ್ಟು ಬಲಿತಿದೆ ಅನ್ನೋ ಲೆಕ್ಕ) ಮುಂದಿರುತ್ತೆ. ಥೈರಾಯ್ಡ್ ತುಂಬಾ ಕಮ್ಮಿಯಾಗಿರೋ ಮಗುದು ಪೂರ್ತಿ ಉಲ್ಟಾ, ಎದೆ ಬೆಳೆಯುತ್ತೆ, ಮುಟ್ಟೂ ಆಗುತ್ತೆ, ಎತ್ತರ ಮಾತ್ರ ಇದ್ದಲ್ಲೇ ಇರುತ್ತೆ, ಮೂಳೆ ವಯಸ್ಸು ಹಿಂದೆ ಬಿದ್ದಿರುತ್ತೆ, ಕಂಕುಳ ಕೂದ್ಲೂ ಸಾಮಾನ್ಯವಾಗಿ ಬಂದಿರಲ್ಲ. ಎರಡು ವರ್ಷದ ಹಿಂದೆ ಹೊಲಿಸಿದ ಯೂನಿಫಾರ್ಮ್ ಲಂಗ ಉದ್ದಕ್ಕೆ ಇನ್ನೂ ಸರಿಯಾಗೇ ಇದೆ, ಸೊಂಟದ ಹತ್ರ ಮಾತ್ರ ಟೈಟು ಅಂದ್ರೆ ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು, ಜೊತೆಗೆ ಮಲಬದ್ಧತೆ, ಒಣ ಚರ್ಮ, ಸುಸ್ತು ಇದ್ರೆ ಅದನ್ನೂ.

1960ರಲ್ಲಿ ವ್ಯಾನ್ ವೈಕ್, ಗ್ರಂಬಾಕ್ ಅನ್ನೋ ಅಮೆರಿಕದ ಇಬ್ರು ಡಾಕ್ಟ್ರು ಇದನ್ನ ಬರೆದಿಟ್ರು, ಅವರ ಹೆಸರೇ ಈ ಕಾಯಿಲೆಗೆ. ಆಗೋದೇನಂದ್ರೆ, ಥೈರಾಯ್ಡ್ ಕೆಲ್ಸ ಮಾಡ್ತಿಲ್ಲ ಅಂತ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಅದನ್ನ ಎಬ್ಬಿಸೋಕೆ ಟಿಎಸ್‌ಎಚ್ ಅನ್ನೋ ಹಾರ್ಮೋನ್ ಸುರೀತಾನೇ ಇರುತ್ತೆ. ಅಂಡಾಶಯವನ್ನ ಎಬ್ಬಿಸೋ ಎಫ್‌ಎಸ್‌ಎಚ್ ಹಾರ್ಮೋನಿಗೂ ಇದಕ್ಕೂ ರಚನೆಯಲ್ಲಿ ಹೋಲಿಕೆ ಇದೆ, ಹಾಗಾಗಿ ಟಿಎಸ್‌ಎಚ್ ವಿಪರೀತ ಏರಿದಾಗ ಅಂಡಾಶಯವೂ ಎಚ್ಚೆತ್ಕೊಂಡು ಈಸ್ಟ್ರೋಜನ್ ಮಾಡುತ್ತೆ, ಅದರಲ್ಲಿ ಸಿಸ್ಟ್‌ಗಳು, ಅಂದ್ರೆ ನೀರು ತುಂಬಿದ ಗುಳ್ಳೆಗಳು, ಊದ್ಕೊಳ್ಳುತ್ವೆ.

ಇಲ್ಲೇ ಎಡವಟ್ಟಾಗೋದು. ಸ್ಕ್ಯಾನಲ್ಲಿ ದೊಡ್ಡ ಸಿಸ್ಟ್ ಕಂಡ ತಕ್ಷಣ ಆಪರೇಷನ್ ಮಾತು ಬರುತ್ತೆ, ಟಿಎಸ್‌ಎಚ್ ಸುರಿದೂ ಸುರಿದೂ ಪಿಟ್ಯುಟರಿಯೂ ಊದಿದ್ರೆ ತಲೇಲಿ ಗೆಡ್ಡೆ ಅಂತ ಮನೆಯವ್ರೆಲ್ಲ ಅಳೋಕೆ ಶುರು. ಸಿಸ್ಟ್ ತಿರುಚಿಕೊಂಡು ಜೋರು ಹೊಟ್ಟೆನೋವು ಬಂದ್ರೆ ಅದು ಎಮರ್ಜೆನ್ಸಿ, ತಡ ಮಾಡೋ ಹಾಗಿಲ್ಲ, ಆದ್ರೆ ಅಂಥದ್ದೇನಿಲ್ಲದಿದ್ರೆ ಮೊದ್ಲು ಟಿಎಸ್‌ಎಚ್, ಥೈರಾಯ್ಡ್ ಮಾಡೋ ಹಾರ್ಮೋನ್ ಟಿ4 ನೋಡ್ದೆ ಚಾಕು ಹಿಡಿಯೋದು ನನ್ನ ಕೇಳಿದ್ರೆ ತಪ್ಪೇ.

ಟ್ರೀಟ್‌ಮೆಂಟ್ ಅಂದ್ರೆ ಥೈರಾಯ್ಡ್ ಹಾರ್ಮೋನ್ ಕೊರತೆ ತುಂಬೋ ಲೆವೊಥೈರಾಕ್ಸಿನ್ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ರೆ ನಾಲ್ಕು ಗಂಟೆ ಗ್ಯಾಪ್ ಕೊಡಿ. ಕೆಲವು ತಿಂಗಳಲ್ಲಿ ಸಿಸ್ಟ್ ಕರಗುತ್ತೆ, ಮುಟ್ಟು ನಿಲ್ಲುತ್ತೆ, ಮಗು ಮತ್ತೆ ಎತ್ತರ ಆಗೋಕೆ ಶುರುವಾಗುತ್ತೆ. ಮುಟ್ಟು ನಿಂತ್ಹೋಯ್ತಲ್ಲ ಅಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ, ಥೈರಾಯ್ಡ್ ತೊಂದ್ರೆ ಹಾಗೇ ಇರುತ್ತೆ, ಹೆಚ್ಚಿನ ಮಕ್ಕಳಿಗೆ ಇದು ಜೀವನಪೂರ್ತಿ ಬೇಕಾಗೋ ಮಾತ್ರೆ.