ಐನೂರು ಮೀಟರ್ ಹತ್ತಿ ಬಂದ ನೀರು

ಅಡುಗೆಮನೆ ಸಿಂಕಿನಲ್ಲಿ ಒಂದು ದಿನ ಐದು ಲೀಟರ್ ಕುಕ್ಕರ್ ಇಟ್ಟು, ನಲ್ಲಿ ಪೂರ್ತಿ ತಿರುಗಿಸಿ ಗಡಿಯಾರ ನೋಡಿದೆ. ಅರ್ಧ ನಿಮಿಷಕ್ಕೆ ತುಂಬಿ ಚೆಲ್ಲಿತು. ನಲ್ಲಿ ಬಿಟ್ಟುಕೊಂಡೇ ಹತ್ತು ನಿಮಿಷ ಪಾತ್ರೆ ತೊಳೆದರೆ ನೂರು ಲೀಟರ್ ಆಯಿತು. ಹೆಚ್ಚುಕಡಿಮೆ ಆರೇಳು ಕೊಡ! ಬಾವಿಯಿಂದ ಸೇದಿ ಹೊತ್ತು ತರಬೇಕಾಗಿದ್ದರೆ ಇಷ್ಟನ್ನು ಪಾತ್ರೆಗೇ ಸುರಿಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಈಗಲೂ ಯಾರೋ ಹೊತ್ತೇ ತರುತ್ತಿದ್ದಾರೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ. ದೂರಕ್ಕಿಂತ ಏರು ದೊಡ್ಡದು: ನಗರ ಇರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ. ಹಾಗಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಹಂತಹಂತವಾಗಿ ಪಂಪ್ ಮಾಡಿ ನೀರನ್ನು ಸುಮಾರು 500 ಮೀಟರ್ ಮೇಲಕ್ಕೆ ಹತ್ತಿಸುತ್ತಾರೆ.

ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ. ಅದನ್ನು 500 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರವೇ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ, ಪೈಪಿನಲ್ಲಿ ಪೋಲಾಗುವುದನ್ನು ಸೇರಿಸಿದರೆ ಎರಡು ಯೂನಿಟ್ ಹತ್ತಿರ. ಒಂದು ಮನೆಗೆ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಹತ್ತು ಲಕ್ಷ ಮನೆಗಳು ದಿನಕ್ಕೆ 50 ಲೀಟರ್ ಉಳಿಸಿದವು ಅಂದುಕೊಳ್ಳಿ. ಐದು ಕೋಟಿ ಲೀಟರ್ ನೀರು, ಸುಮಾರು ಒಂದು ಲಕ್ಷ ಯೂನಿಟ್ ಕರೆಂಟ್. ತಿಂಗಳಿಗೆ ನೂರು ಯೂನಿಟ್ ಉರಿಸುವ ಸಾವಿರ ಮನೆಗಳಿಗೆ ಇಡೀ ತಿಂಗಳು ಸಾಕಾಗುವಷ್ಟು. ಅದೂ ಒಂದೇ ದಿನದ ಉಳಿತಾಯದಲ್ಲಿ.

ಬಳಸಿದ ನೀರಿನ ಬಹುಪಾಲು ಮತ್ತೆ ಒಳಚರಂಡಿಗೇ ಇಳಿಯುತ್ತದೆ. ಅದನ್ನು ಶುದ್ಧ ಮಾಡುವುದಕ್ಕೂ ಕರೆಂಟ್ ಬೇಕು.

ಐವತ್ತು ಲೀಟರ್ ಉಳಿಸಲು ದೊಡ್ಡ ತ್ಯಾಗವೇನೂ ಬೇಡ. 2024ರ ಮಾರ್ಚ್‌ನಲ್ಲಿ ನೀರಿನ ಬರ ಕಾಡಿದಾಗ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿತ್ತು. ನಲ್ಲಿಯ ಬಾಯಿಗೆ ತಿರುಗಿಸುವ ಪುಟ್ಟ ಜಾಲರಿ ಅದು. ನೀರಿಗೆ ಗಾಳಿ ಬೆರೆಸುವುದರಿಂದ ಧಾರೆ ದಪ್ಪವಾಗಿಯೇ ಕಾಣುತ್ತದೆ, ಕೈ ತೊಳೆಯುವವರಿಗೆ ಕೊರತೆ ಅನಿಸುವುದಿಲ್ಲ. ನಾನು ಹಾಕಿಸಿದ ಮೇಲೆ ಅದೇ ಕುಕ್ಕರ್ ತುಂಬಲು ಒಂದೂವರೆ ನಿಮಿಷ ಹಿಡಿಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನಮ್ಮ ಬೀದಿಯ ಲೆಕ್ಕ. ನೀರು ಬಿಡುವುದು ದಿನ ಬಿಟ್ಟು ದಿನ, ಕೆಲವೇ ಗಂಟೆ. ಎಲ್ಲ ಮನೆಗಳ ಸಂಪುಗಳೂ (ನೆಲದಡಿಯ ತೊಟ್ಟಿಗಳು) ಒಂದೇ ಪೈಪಿನಿಂದ ಎಳೆಯುತ್ತವೆ. ಮೊದಲ ಮನೆಗಳ ಸಂಪು ತುಂಬುವವರೆಗೆ ಕೊನೆಯ ಮನೆಗೆ ಒತ್ತಡವೇ ತಲುಪುವುದಿಲ್ಲ. ಸಂಪಿನಲ್ಲಿ ನೀರು ಉಳಿದಿದ್ದರೆ ಅದು ಬೇಗ ತುಂಬಿ, ಒಳಗೆ ತೇಲುವ ಚೆಂಡು ಮೇಲೆದ್ದು ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ನೀರು ಮುಂದಿನ ಮನೆಗೆ, ಅಲ್ಲಿಂದ ಏರಿನ ತುದಿಯ ಮನೆಗೆ ಹರಿಯುತ್ತದೆ.