ಬೇಲ್ ಆಯ್ತು, ಸರಿ. ಆಚೆ ಬಂದನಾ?

"ಸಾರ್, ಬೇಲ್ ಆಯ್ತಲ್ಲ, ಇನ್ನೇನು ಕೆಲಸ?" ಕಾನೂನು ನೆರವಿನ ಕಚೇರಿಗೆ ಹೊಸದಾಗಿ ಬರುವ ವಕೀಲರು ಹೀಗೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಜಾಸ್ತಿ ಉರಿಯೋದು ಯಾಕೆ ಅಂದ್ರೆ, ಎಷ್ಟೋ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಜಾಮೀನು ಆದೇಶ ಬೇರೆ, ಬಿಡುಗಡೆ ಬೇರೆ. ಕೈದಿಯ ಮನೆಯವರೂ ಇಲ್ಲೇ ಎಡವುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಆದೇಶವಾದ ಮೇಲೆ, ಕರೆದಾಗ ಕೋರ್ಟಿಗೆ ಬರುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ಜಾಮೀನುದಾರ ಪಹಣಿ, ಆಧಾರ್ ಹಿಡಿದು ಕೋರ್ಟಿಗೆ ಬರಬೇಕು. ಆ ಕಾಗದ ಕೋರ್ಟಿಗೆ ಒಪ್ಪಿಗೆಯಾಗಬೇಕು. ಬಿಡುಗಡೆ ಆದೇಶ ಜೈಲಿಗೆ ತಲುಪಬೇಕು. ಅಲ್ಲಿ ಬೇರೆ ಕೇಸಿನ ಬಾಡಿ ವಾರಂಟ್, ಅಂದರೆ ಕೈದಿಯನ್ನು ಆ ಕೇಸಿಗೂ ಹಾಜರುಪಡಿಸಿ ಅನ್ನುವ ಆದೇಶ, ಇದೆಯಾ ಅಂತ ನೋಡುತ್ತಾರೆ. ಇಷ್ಟರಲ್ಲಿ ಎಲ್ಲಿ ತಪ್ಪಿದರೂ ಆದೇಶ ಫೈಲಿನಲ್ಲಿ, ಮನುಷ್ಯ ಬ್ಯಾರಕ್ಕಿನಲ್ಲಿ.

ಒಮ್ಮೆ ಜೈಲು ಭೇಟಿಗೆ ಹೋಗಿದ್ದೆ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹುಡುಗನೊಬ್ಬ ಕೇಳಿದ, "ಸಾರ್, ನಂದು ಬೇಲ್ ಏನಾತ್ರಿ?" ಬೇಲ್ ಆಗಿ ನಲವತ್ತೇಳು ದಿನ ಆಗಿತ್ತು. ಯಾರೂ ಅವನಿಗೆ ಹೇಳಿರಲಿಲ್ಲ. ಯಾರೂ ಅಂದರೆ ಬೇರೆ ಯಾರಲ್ಲ, ಅವನ ವಕೀಲ ನಾನೇ.

ಸ್ಥಳೀಯ ಜಾಮೀನುದಾರ ಬೇಕು ಅಂತ ಷರತ್ತಿತ್ತು. ಅವನಿಗೆ ಈ ಊರಲ್ಲಿ ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ, ಅವನು ಫೋನ್ ಎತ್ತುತ್ತಿರಲಿಲ್ಲ. ನಮ್ಮ ಅರೆ ಕಾನೂನು ಸ್ವಯಂಸೇವಕಿ (ವಕೀಲೆಯಲ್ಲ, ಕಾನೂನು ನೆರವಿನ ಕೆಲಸಕ್ಕೆ ತರಬೇತಿ ಪಡೆದವಳು), ಗಟ್ಟಿ ಹೆಣ್ಣುಮಗಳು, ಆ ಹಳ್ಳಿಯ ಅಂಗನವಾಡಿ ಟೀಚರ್ ನಂಬರ್ ಹುಡುಕಿ ಅವನ ಸೋದರಮಾವನನ್ನು ಹಿಡಿದಳು. ಮಾವ ರಾತ್ರಿ ಬಸ್ಸಿಗೆ ಹೊರಟು ಬಂದರು. ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದರು. "ಭೂಮಿ ಐತ್ರಿ ಸಾಹೇಬ್ರ, ಆದ್ರ ನಮ್ಮಪ್ಪನ ಹೆಸರಿನ್ಯಾಗ ಐತಿ." ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಆ ಪಹಣಿ ನಡೆಯಲಿಲ್ಲ.

ಹಾಗಾದರೆ ದಾರಿ ಇಲ್ಲವಾ? ಇದೆ. 1978ರ ಮೋತಿರಾಮ್ ಪ್ರಕರಣದಲ್ಲೂ ಜೈಲಲ್ಲಿದ್ದವನು ಗಾರೆಯವನೇ. 10,000 ರೂಪಾಯಿ ಜಾಮೀನು ಕೇಳಿದ್ದರು, ಬೇರೆ ಜಿಲ್ಲೆಯಲ್ಲಿದ್ದ ಸಹೋದರನ ಆಸ್ತಿ ಬೇಡ ಅಂದಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಜಾಮೀನುದಾರನಿಲ್ಲದೆ, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಲು ಹೇಳಿದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ಇದೇ ವಿಷಯಕ್ಕೆ ಬರಬೇಕಾಯಿತು: ಬೇಲ್ ಆಗಿ 7 ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಬರದಿದ್ದರೆ ಕೋರ್ಟೇ ಷರತ್ತು ಸಡಿಲಿಸುವ ಯೋಚನೆ ಮಾಡಬಹುದು. ನಾವೂ ಅರ್ಜಿ ಹಾಕಿದೆವು. ಅರ್ಜಿಯ ಜೊತೆ ಸ್ವಯಂಸೇವಕಿ ಬರೆದ ಎರಡು ಪುಟದ ವರದಿ: ಮನೆ ಎಲ್ಲಿ, ತಾಯಿ ಏನು ಮಾಡುತ್ತಾರೆ, ಕೂಲಿ ಎಷ್ಟು. ನನ್ನ ವಾದಕ್ಕಿಂತ ಆ ಎರಡು ಪುಟವೇ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ಸ್ವಂತ ಬಾಂಡ್ ಮೇಲೆ ಬಿಟ್ಟರು. ಎಲ್ಲ ಕೇಸಲ್ಲೂ ಹೀಗಾಗುತ್ತೆ ಅಂತ ಹೇಳಲಾರೆ. ಅದು ನ್ಯಾಯಾಧೀಶರ ವಿವೇಚನೆ.

ದುಡ್ಡೇ ಅಡ್ಡಿಯಾದರೆ ಕೇಂದ್ರದ ಬಡ ಕೈದಿಗಳ ಯೋಜನೆಯಲ್ಲಿ ವಿಚಾರಣಾಧೀನ ಕೈದಿಗಳಿಗೆ ನೆರವಿದೆ; 2023ರ ನಿಯಮದಲ್ಲಿ ಅದು 40,000 ರೂಪಾಯಿವರೆಗೆ ಇತ್ತು. ಮಾದಕ ವಸ್ತು, ಭ್ರಷ್ಟಾಚಾರದಂಥ ಕೆಲವು ಕೇಸುಗಳಿಗೆ ಸಿಗುವುದಿಲ್ಲ.

"ಇದೆಲ್ಲ ಸಮಾಜಸೇವೆ, ವಕೀಲಿಕೆ ಅಲ್ಲ" ಅನ್ನುವವರಿದ್ದಾರೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವಕೀಲರು, ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಬಡವರ ಕೇಸು ನಡೆಸುತ್ತಾರೆ. 2019ರ ಒಂದು ಅಧ್ಯಯನ ಅದನ್ನು ಮಾಮೂಲಿ ಪದ್ಧತಿಯ ಜೊತೆ ಹೋಲಿಸಿತು. ತಂಡ ನಡೆಸಿದ ಕೇಸುಗಳಲ್ಲಿ ಜೈಲು ಶಿಕ್ಷೆಯಾಗುವ ಸಾಧ್ಯತೆ 16% ಕಡಿಮೆ, ಶಿಕ್ಷೆಯ ಅವಧಿ 24% ಕಡಿಮೆ. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದುತ್ತೆ ಅನ್ನುತ್ತಿಲ್ಲ. ಆದರೆ 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದವರಲ್ಲಿ ಸುಮಾರು 76% ಜನ ವಿಚಾರಣಾಧೀನರು. ಸುಮ್ನೆ ತಳ್ಳಿಹಾಕುವ ಮಾತಲ್ಲ, ಅಲ್ವಾ?

ಹೊರಬಂದ ಮೇಲೂ ಕೆಲಸ ಇದೆ. ತಾರೀಖಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಬರದಿದ್ದರೆ ವಾರಂಟ್. ಹಾಗಾಗಿ ಸ್ವಯಂಸೇವಕಿ ಹಿಂದಿನ ದಿನವೇ ಫೋನ್ ಮಾಡುತ್ತಾಳೆ. ಮೊನ್ನೆ ಹುಡುಗ ಸರಿಯಾಗಿ ಹನ್ನೊಂದಕ್ಕೆ ಬಂದು ನಿಂತಿದ್ದ. ಮಾವನ ಪೌತಿ ಖಾತೆ ಇನ್ನೂ ಆಗಿಲ್ಲವಂತೆ.