ಗಂಜ್‌ನಲ್ಲೇ ಇದೆ ಮೊಜಾಂಬಿಕ್

"ಸರ, ಹಗಲೆಲ್ಲ ದಾಲ್ ಮಿಲ್ಲಿನ ಲೆಕ್ಕ ಬರೀತೀನ್ರಿ. ಇಂಟರ್ನ್‌ಶಿಪ್ ಅಂತ ದಿಲ್ಲಿಗಿ ಹೋದ್ರ ಸಾವ್ಕಾರ್ರು ಮತ್ತ ಕೆಲ್ಸಕ್ಕ ತಗೋತಾರೇನ್ರಿ?"

ಭಾನುವಾರದ ಸಂಪರ್ಕ ತರಗತಿ ಮುಗಿದ ಮೇಲೆ ಕಲಬುರಗಿಯ ಹುಡುಗನೊಬ್ಬ ಕೇಳಿದ. ದೂರಶಿಕ್ಷಣದಲ್ಲಿ ರಾಜ್ಯಶಾಸ್ತ್ರ ಎಂ.ಎ., ಅದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಮೇಲೆ ಕಿರುಪ್ರಬಂಧ. ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿ ದರ ಯಾಕೆ ಇಳಿಯುತ್ತದೆ ಎಂದು ತಿರುಗಿ ಕೇಳಿದೆ.

"ಹೊರಗಿನ ಮಾಲ್ ಬರ್ತದರಿ."

"ಎಲ್ಲಿಂದ? ಯಾವ ಕರಾರಿನ ಮ್ಯಾಲೆ?"

ಸುಮ್ಮನಾದ. ಅವನ ಕಿರುಪ್ರಬಂಧ ಇದ್ದದ್ದೇ ಅಲ್ಲಿ.

2016ರಲ್ಲಿ ಭಾರತ ಆಫ್ರಿಕಾದ ಮೊಜಾಂಬಿಕ್ ದೇಶದ ಜೊತೆ ಬೇಳೆಕಾಳಿನ ಒಪ್ಪಂದ ಮಾಡಿಕೊಂಡಿತು; ಮುಂದೆ ಅದು ವರ್ಷಕ್ಕೆ 2 ಲಕ್ಷ ಟನ್ ತೊಗರಿಗೆ ನಿಂತಿತು. 2017ರಲ್ಲಿ ಉಳಿದ ತೊಗರಿ ಆಮದಿಗೆ ಮಿತಿ ಬಿತ್ತು, ಮಿಲ್ಲಿನವರು ಆಮದಿನ ಪಾಲಿಗೆ, ಅಂದರೆ ಕೋಟಾಕ್ಕೆ, ಅರ್ಜಿ ಹಾಕುವಂತಾಯಿತು. ಒಪ್ಪಂದದ ಮಾಲು ಆ ಮಿತಿಯ ಹೊರಗೆ. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ಮುಕ್ತವಾಯಿತು. ನಮ್ಮ ರೈತನಿಗೆ ದರ ಬೇಕು, ಪೇಟೆಯವನಿಗೆ ಅಗ್ಗದ ಬೇಳೆ ಬೇಕು, ಸರ್ಕಾರಕ್ಕೆ ಆಫ್ರಿಕಾದ ಸ್ನೇಹವೂ ಬೇಕು. ಪಠ್ಯದಲ್ಲಿ 'ಪರಸ್ಪರ ಅವಲಂಬನೆ' ಎಂದು ಓದುವುದು ಇದನ್ನೇ.

ಆದ್ದರಿಂದ ಕೆಲಸದಲ್ಲಿರುವವರಿಗೆ ನಾನು ಹೇಳುವುದು: ಕೆಲಸ ಬಿಡಬೇಡಿ, ಅದನ್ನೇ ಇಂಟರ್ನ್‌ಶಿಪ್ ಮಾಡಿಕೊಳ್ಳಿ. ಮಾರ್ಗದರ್ಶಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಸುಗ್ಗಿಯಲ್ಲಿ, ಅಂದರೆ ಡಿಸೆಂಬರ್‌ನಿಂದ, ದಿನಕ್ಕೆ ಗಂಜ್‌ಗೆ ಬಂದ ಮಾಲು (ಆವಕ) ಮತ್ತು ದರ ಬರೆದಿಡಿ. ಪಕ್ಕದಲ್ಲಿ ಆಮದಿನ ಆದೇಶಗಳ ತಾರೀಖು. ಆದೇಶದ ಮರುದಿನವೇ ದರ ಬಿದ್ದರೂ ಕಾರಣ ಅದೇ ಎಂದು ಬರೆದುಬಿಡಬೇಡಿ, ಮಳೆಯೂ ತೊಗರಿ ಗಿಡ ಒಣಗಿಸುವ ನೆಟೆರೋಗವೂ ಲೆಕ್ಕಕ್ಕಿವೆ. ಮಾಲೀಕರ ಕಾಗದ ಬಳಸುವುದಾದರೆ ಅವರನ್ನು ಕೇಳಿ, ಹೆಸರು ತೆಗೆದು ಬಳಸಿ.

ದಿಲ್ಲಿಯ ದಾರಿ ಪೂರ್ತಿ ಮುಚ್ಚಿಲ್ಲ. ವಿದೇಶಾಂಗ ಸಚಿವಾಲಯದ 2022ರ ಇಂಟರ್ನ್‌ಶಿಪ್ ನೀತಿಯಲ್ಲಿ ತಿಂಗಳಿಗೆ 10,000 ರೂಪಾಯಿ ಗೌರವಧನವಿದೆ, ಹಿಂದುಳಿದವೆಂದು ಕೇಂದ್ರ ಗುರುತಿಸಿದ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳಿಗೆ ಆದ್ಯತೆಯೂ ಇದೆ. ಯಾದಗಿರಿ ಅಂಥ ಜಿಲ್ಲೆ. ಅಲ್ಲಿಯ ಹುಡುಗಿಯರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಆದರೆ ವಯಸ್ಸು 25 ದಾಟಿರಬಾರದು. ದುಡಿಯುತ್ತ ಓದುವವರಲ್ಲಿ ಬಹಳ ಮಂದಿ ಅಲ್ಲೇ ಹೊರಗುಳಿಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ.

ಫೀ ಕಟ್ಟುವ ಮುಂಚೆ ಆ ಕೋರ್ಸಿಗೆ, ಆ ವರ್ಷಕ್ಕೆ ಯುಜಿಸಿ ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ನೋಡಿ. ವಿಶ್ವವಿದ್ಯಾಲಯದ ಹೆಸರು ದೊಡ್ಡದಿದ್ದರೆ ಸಾಲದು.

ಅಂದಹಾಗೆ, ವ್ಯಾಪಾರದಿಂದ ರಾಜತಂತ್ರಕ್ಕೆ ಹೋಗುವುದು ನಮ್ಮ ಕಡೆ ಹೊಸದಲ್ಲ. ಬೀದರ್‌ನ ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದವನು. ಬಹಮನಿ ವಜೀರನಾಗಿ ಆಟೋಮನ್ ಸುಲ್ತಾನನಿಗೂ ಪತ್ರ ಬರೆದ.

ಮೂರು ವಾರದ ನಂತರ ಹುಡುಗ ಮತ್ತೆ ಬಂದ. ಕೈಯಲ್ಲಿ ದೂಳು ಹಿಡಿದ ಫೈಲು. ಮಿಲ್ಲಿನ ಅಟ್ಟದ ಮೇಲೆ ಸಿಕ್ಕಿತಂತೆ: 2019ರಲ್ಲಿ ಕೋಟಾಕ್ಕೆ ಹಾಕಿದ ಅರ್ಜಿ.

"ಸಾವ್ಕಾರ್ರೇ ಕೊಟ್ರರಿ ಸರ. ಆಗಿಂದು ಕತಿ ಹೇಳಾಕ ಎರಡು ತಾಸು ಕುಂತಿದ್ರು."